ಬಡಿಸುವವನೇ ‘ಸಾಕು’ ಎನ್ನಬೇಕಾದಾಗ

27 ವರ್ಷದ ಯುವಕ. ಮಂಗಳೂರಿನ ಒಂದು ಪಬ್‌ನಲ್ಲಿ ನಾಲ್ಕು ವರ್ಷದಿಂದ ಬಾರ್‌ಟೆಂಡರ್. ಮದುವೆಯಾಗಿ ಒಂದೂವರೆ ವರ್ಷ. ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇವೆ. ಆಪ್ತಸಲಹೆಗೆ ನಮ್ಮಲ್ಲಿಗೆ ಕರೆದುಕೊಂಡು ಬಂದವಳು ಹೆಂಡತಿ. “ಶನಿವಾರ ಬಂತೆಂದರೆ ಮಧ್ಯಾಹ್ನದ ಊಟ ಇಳಿಯುವುದಿಲ್ಲ ಇವರಿಗೆ. ರಾತ್ರಿ ಒಂದೂವರೆಗೆ ಮನೆಗೆ ಬರುವಾಗ ಬಾಯಿ ವಾಸನೆ” ಎಂದಳು. ಆತ ಹೇಳಿದ್ದು ಬೇರೆ: ಮದ್ಯ ಅಳೆಯುವ ಪೆಗ್ ಮೆಷರ್ ಹಿಡಿದರೆ ಕೈ ನಡುಗುತ್ತದೆ, 60 ಎಂಎಲ್‌ನ ಗೆರೆಗೆ ನಿಲ್ಲಿಸಲು ಆಗುವುದಿಲ್ಲ, ಕೌಂಟರ್ ಮೇಲೆ ಚೆಲ್ಲುತ್ತದೆ.

ಹಿಂದೆ ಎರಡು ಘಟನೆಗಳಿದ್ದವು. ಖಾಯಂ ಗಿರಾಕಿಯೊಬ್ಬರು, ಐವತ್ತು ದಾಟಿದವರು. ಈತ ಅವರನ್ನು ‘ಅಣ್ಣ’ ಎಂದು ಕರೆಯುತ್ತಿದ್ದ, ಅವರು ಇವನನ್ನು ‘ತಮ್ಮಾ’ ಎನ್ನುತ್ತಿದ್ದರು. ಒಂದು ರಾತ್ರಿ ಐದನೇ ಲಾರ್ಜ್ (60 ಎಂಎಲ್ ಪೆಗ್) ಕೇಳಿದಾಗ ಅವರ ಮೂವರು ಗೆಳೆಯರ ಎದುರೇ ಈತ, “ಸಾಕು ಅಣ್ಣ, ನಿಮಗೆ ಜಾಸ್ತಿ ಆಗಿದೆ” ಎಂದುಬಿಟ್ಟ. “ಸಾಕು ಅಂತ ಹೇಳ್ಲಿಕ್ಕೆ ನೀನ್ಯಾರು? ನಿನ್ನಪ್ಪನ ದುಡ್ಡಲ್ಲಿ ಕುಡೀತಿದ್ದೇನಾ?” ಎಂಬ ಮಾತಿನ ಜೊತೆಗೇ ಕೆನ್ನೆಗೆ ಏಟು ಬಿತ್ತು. ಓಡಿ ಬಂದ ಮ್ಯಾನೇಜರ್ ಹೇಳಿದ್ದು ಇಷ್ಟೇ: “ಸಾರಿ ಹೇಳು ಮಾರಾಯ, ದಿನಾ ಬರುವವರು.” ಹೊಡೆಸಿಕೊಂಡವನೇ ಸಾರಿ ಹೇಳಿದ.

ಅಂದಿನಿಂದ ಈತ ಕೇಳಿದವರಿಗೆ ಕೇಳಿದಷ್ಟು ಹಾಕತೊಡಗಿದ. ಮೂರು ವಾರ ಕಳೆದ ಮೇಲೆ ಒಬ್ಬ ಹುಡುಗ ಒಂದೂವರೆ ಗಂಟೆಯಲ್ಲಿ ಐದು ಲಾರ್ಜ್ ಮುಗಿಸಿ ಸ್ಕೂಟರ್ ಹತ್ತಿದ, ನಂತೂರು ದಾಟುವಷ್ಟರಲ್ಲಿ ಬಿದ್ದು ಕಾಲರ್ ಬೋನ್ ಮುರಿದುಕೊಂಡ. ನಿಲ್ಲಿಸಿದರೆ ಏಟು, ನಿಲ್ಲಿಸದಿದ್ದರೆ ಪಾಪ. ಈ ಎರಡರ ನಡುವೆ ಸಿಕ್ಕಿ ಆತ ಶಟರ್ ಎಳೆದ ಮೇಲೆ ತಾನೂ ಎರಡು ಲಾರ್ಜ್ ಹಾಕಿಕೊಳ್ಳತೊಡಗಿದ್ದ.

ಕೈನಡುಕ ಎಂದ ಕೂಡಲೇ ಹೆದರಿಕೆ ಎಂದು ತೀರ್ಮಾನಿಸುವಂತಿಲ್ಲ. ದಿನಾ ಕುಡಿಯುವವರಿಗೆ ಅಮಲು ಇಳಿದ ಹೊತ್ತಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ ಎದ್ದಾಗ, ನಡುಕ ಬರುತ್ತದೆ. ಒಂದು ಗುಟುಕು ಒಳಗೆ ಹೋದರೆ ನಿಲ್ಲುತ್ತದೆ. ಈತನಿಗೆ ಬೆಳಿಗ್ಗೆ ನಡುಕವಿರಲಿಲ್ಲ, ರಜೆಯ ದಿನವೂ ಇರಲಿಲ್ಲ. ಕೆಲಸದ ಶನಿವಾರ ಮಾತ್ರ, ಅದೂ ಆ ಏಟು ಬಿದ್ದ ಮೂಲೆಯ ಟೇಬಲಿಗೆ ಜನ ಕೂತಾಗ ಜೋರು. ಕುಡಿತವನ್ನು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪಟ್ಟಿಯಲ್ಲಿ 11 ಅಂಕ ಬಂತು. 8ರಿಂದ ಮೇಲೆ ಎಚ್ಚರದ ವಲಯ. ಚಟ ಅಂಟಿಲ್ಲ, ಆದರೆ ದಾರಿ ಅದೇ.

ಸಲಹೆಗೆ ಮೊದಲು ಒಂದು ಮಾತನ್ನು ಆತನ ಜೊತೆ ನಿಧಾನವಾಗಿ ಬಿಡಿಸಿ ನೋಡಬೇಕಾಯಿತು. ನಮ್ಮ ಕಡೆ ‘ಸಾಕು’ ಎನ್ನುವುದು ಉಣ್ಣುವವನ ಹಕ್ಕು. ಬಾಳೆಲೆಗೆ ಎರಡು ಕೈ ಅಡ್ಡ ಹಿಡಿದು ಬೇಡ ಬೇಡ ಎಂದರೂ ಬಡಿಸುವವನು ಇನ್ನೊಂದು ಸೌಟು ಹಾಕಿಯೇ ಮುಂದೆ ಹೋಗುತ್ತಾನೆ. ಬಡಿಸುವವನೇ ಸಾಕು ಎಂದರೆ ಅದು ಅವಮಾನ. ಕಿರಿಯ ಹಿರಿಯನಿಗೆ, ಅದರಲ್ಲೂ ಗೆಳೆಯರ ಮುಂದೆ ಎಂದರೆ ಇನ್ನೂ ದೊಡ್ಡ ಅವಮಾನ. ಈತ ತಪ್ಪು ಕೆಲಸ ಮಾಡಲಿಲ್ಲ, ತಪ್ಪು ಶಬ್ದ ಬಳಸಿದ, ಅದೂ ತಡವಾಗಿ. ಅದೇ ಊಟದ ಪಂಕ್ತಿಯಲ್ಲಿ ಮಜ್ಜಿಗೆ ಬಂತೆಂದರೆ ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ, ಊಟ ಮುಗಿಯಿತೆಂದು ಎಲ್ಲರಿಗೂ ಗೊತ್ತು. ಬಾರ್‌ಗೂ ಅಂಥ ಒಂದು ಮಜ್ಜಿಗೆಯ ಸರದಿ ಬೇಕು. ಮುಂದಿನ ಸಲಹೆಗಳೆಲ್ಲ ಈ ಮಾತನ್ನು ಹಿಡಿದೇ ಬೆಳೆದವು.

ಮೊದಲು ಲೆಕ್ಕ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. ಅಂದರೆ 30 ಎಂಎಲ್‌ನ ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ, ಲಾರ್ಜ್‌ನಲ್ಲಿ 20 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿಯಲ್ಲಿ 41 ಗ್ರಾಂ, ಹೆಚ್ಚುಕಡಿಮೆ ಎರಡು ಲಾರ್ಜ್. ‘ಬರೀ ಬಿಯರ್’ ಎಂದು ಮೂರು ಬಾಟಲಿ ಮುಗಿಸಿದವನು ಆರು ಲಾರ್ಜ್ ಕುಡಿದ ಹಾಗೆ. ಲಿವರ್ ಗಂಟೆಗೆ ಕಳೆಯುವುದು ಸುಮಾರು ಒಂದು ಸ್ಮಾಲ್‌ನಷ್ಟು ಮಾತ್ರ. ಗಂಟೆಯಲ್ಲಿ ಮೂರು ಲಾರ್ಜ್ ಹೋದರೆ ಐದು ಸ್ಮಾಲ್ ಇನ್ನೂ ಒಳಗೇ ಇರುತ್ತದೆ. ಕುಡಿದದ್ದು ಪೂರ್ತಿ ತಲೆಗೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಆದ್ದರಿಂದ ಈಗ ನೆಟ್ಟಗೆ ಕೂತವನು ಬಿಲ್ ಕೊಡುವ ಹೊತ್ತಿಗೆ ವಾಲುತ್ತಾನೆ. ಕಣ್ಣಿಗೆ ಕಾಣುವುದನ್ನು ನಂಬಿದರೆ ಯಾವಾಗಲೂ ಎರಡು ಪೆಗ್ ತಡ. ಲೆಕ್ಕ ಟೇಬಲಿನದ್ದಲ್ಲ, ತಲೆಯದ್ದು. ನಾಲ್ವರು ಕೂತು ‘ರಿಪೀಟ್’ ಎಂದಾಗ ಒಬ್ಬ ಎರಡು ಕುಡಿದಿರುತ್ತಾನೆ, ಇನ್ನೊಬ್ಬ ಆರು. ಆರ್ಡರ್ ಚೀಟಿಯ ಹಿಂದೆ ಸೀಟು ಸಂಖ್ಯೆ ಬರೆದು ಪ್ರತಿ ಲಾರ್ಜ್‌ಗೆ ಒಂದು ಗೀಟು, ಪಕ್ಕದಲ್ಲಿ ಗಂಟೆ: ಈ ರೂಢಿಯನ್ನು ಆತನಿಗೆ ಹಾಕಿಕೊಟ್ಟೆವು.

ಎರಡನೇ ಲಾರ್ಜ್ ಮುಗಿಯುವ ಮೊದಲೇ ತಿನ್ನಲು ಏನಾದರೂ ಟೇಬಲಿಗೆ ಬಂದಿರಬೇಕು. ಉಪ್ಪು ಹಾಕಿದ ಕಡ್ಲೆಯಲ್ಲ, ಅದು ಬಾಯಾರಿಕೆ ಹೆಚ್ಚಿಸಿ ಇನ್ನೊಂದು ಪೆಗ್ ಕೇಳಿಸುತ್ತದೆ. ಚಿಕನ್ ಸುಕ್ಕವೋ ಬಂಗುಡೆ ಫ್ರೈಯೋ ನೀರ್‌ದೋಸೆಯೋ ಆಗಲಿ. ಹೊಟ್ಟೆ ತುಂಬಿದ್ದರೆ ಮದ್ಯ ರಕ್ತಕ್ಕೆ ನಿಧಾನ ಸೇರುತ್ತದೆ. ಪ್ರತಿ ಪೆಗ್ ಜೊತೆ ಕೇಳದೇ ಒಂದು ಗ್ಲಾಸ್ ನೀರು. ಸೆಕೆ ಜಾಸ್ತಿ ಇರುವ ನಮ್ಮ ಊರಲ್ಲಿ ಬಾಯಾರಿಕೆಗೇ ಬಿಯರ್ ಎತ್ತುವವರು ಬಹಳ. ಮೂರನೇ ಲಾರ್ಜ್ ಆದ ಮೇಲೆ ಆ ಟೇಬಲಿನ ಕಡೆ ನಡಿಗೆ ನಿಧಾನವಾಗಲಿ: ಖಾಲಿ ಗ್ಲಾಸ್ ಬೇಗ ಎತ್ತಬೇಡ, ಮೆನು ಮೊದಲು, ರಿಪೀಟ್ ಆಮೇಲೆ. ಖಾಲಿ ಬಾಟಲಿಗಳನ್ನು ಮಾತ್ರ ಬೇಗ ಎತ್ತು, ಸಿಟ್ಟಿನಲ್ಲಿ ಕೈಗೆ ಮೊದಲು ಸಿಗುವುದು ಅದೇ.

ಅಳತೆಯಲ್ಲಿ ಮೋಸ ಬೇಡವೆಂದು ಬಿಡಿಸಿ ಹೇಳಿದೆವು. ಅಮಲೇರಿದವನಿಗೆ 60ರ ಬದಲು 40 ಹಾಕಿ ಸೋಡಾ ತುಂಬಿಸುವುದು ಉಪಾಯವೆಂದು ಕೆಲವರು ಹೇಳಿಕೊಡುತ್ತಾರೆ. ಅದು ಕಳ್ಳತನ. ಒಮ್ಮೆ ಸಿಕ್ಕಿಬಿದ್ದರೆ ನಿನ್ನ ಯಾವ ಮಾತಿಗೂ ಬೆಲೆ ಇರುವುದಿಲ್ಲ. ‘ಸ್ಟಾಕ್ ಖಾಲಿ’ ಎಂಬ ಸುಳ್ಳೂ ಬೇಡ, ಬಾಟಲಿ ಬೆನ್ನ ಹಿಂದಿನ ಶೆಲ್ಫಿನಲ್ಲೇ ಕಾಣುತ್ತಿರುತ್ತದೆ. ಕುಡಿದವನನ್ನು ನಿರಾಕರಣೆಗಿಂತ ಸುಳ್ಳೇ ಹೆಚ್ಚು ಕೆರಳಿಸುತ್ತದೆ.

ಇನ್ನು ನಿಲ್ಲಿಸುವ ಹೊತ್ತು. ದನಿ ಪಕ್ಕದ ಟೇಬಲಿಗೆ ದಾಟಿದ್ದು, ಹೇಳಿದ್ದನ್ನೇ ಮೂರು ಸಲ ಹೇಳುವುದು, ನೋಟು ಎಣಿಸುವಾಗ ಬೆರಳು ತಡವರಿಸುವುದು, ಲೈಟರ್ ಹೊತ್ತಿಸಲು ನಾಲ್ಕು ಸಲ ಒತ್ತುವುದು. ಇವುಗಳಲ್ಲಿ ಎರಡು ಕಂಡರೆ ಮುಂದಿನ ಪೆಗ್ ಇಲ್ಲ. ಆಗ ಅವನ ಹತ್ತಿರ ಹೋಗಬೇಡ. ಜೊತೆಯಲ್ಲಿ ಕಡಿಮೆ ಕುಡಿದವನನ್ನು ಕೌಂಟರ್ ಬದಿಗೆ ಕರೆದು, “ಅಣ್ಣ, ಅವರನ್ನು ನೀವು ಮನೆ ಸೇರಿಸಬೇಕಲ್ಲ, ಊಟ ಹೇಳ್ಲಾ?” ಎಂದು ಕೇಳು. ಅರ್ಧ ಪಾಲು ಕೆಲಸ ಅಲ್ಲೇ ಮುಗಿಯುತ್ತದೆ. ನೇರ ಹೇಳಲೇಬೇಕಾದರೆ ಬಾಟಲಿ, ಮೆಷರ್ ಕೆಳಗಿಟ್ಟು ಹೋಗು. ಎರಡು ಅಂಗೈ ಕಾಣುವಂತಿರಲಿ, ಕೈ ಚಾಚಿದರೆ ತಾಗದಷ್ಟು ದೂರ, ಎದುರಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಬಾಗಿಲಿನ ದಾರಿಗೆ ಅಡ್ಡ ನಿಲ್ಲಬೇಡ. ಹೆಗಲ ಮೇಲೆ ಕೈಯಿಡಬೇಡ, ಪ್ರೀತಿಯಿಂದಲೂ ಬೇಡ. ‘ಜಾಸ್ತಿ ಆಗಿದೆ’, ‘ಸಾಕು’, ‘ಕುಡಿದಿದ್ದೀರಿ’ ಈ ಮೂರನ್ನು ನಾಲಿಗೆಯಿಂದ ತೆಗೆದುಹಾಕು. ಹೇಳಬೇಕಾದ್ದು: “ಅಣ್ಣ, ಇನ್ನು ಊಟ ಕೊಡ್ತೇನೆ. ಪೆಗ್ ನಾಳೆ ನನ್ನ ಕೈಯಿಂದಲೇ.” ತುಳುವಿನವರಾದರೆ ತುಳುವಿನಲ್ಲೇ, “ಅಣ್ಣಾ, ವನಸ್ ಮಲ್ಪುಲೆ” (ಊಟ ಮಾಡಿ). ಮನೆಮಾತು ಕಿವಿಗೆ ಬಿದ್ದರೆ ಎಷ್ಟೋ ಜನ ತಣ್ಣಗಾಗುತ್ತಾರೆ. ಯಾಕೆ ಕೊಡುವುದಿಲ್ಲ ಎಂದು ಕೇಳಿದರೆ ಹೊಸ ಕಾರಣ ಹುಡುಕಬೇಡ. ಒಂದೊಂದು ಕಾರಣವೂ ಒಂದೊಂದು ಜಗಳಕ್ಕೆ ದಾರಿ. ಅದೇ ಮಾತನ್ನು ಅದೇ ದನಿಯಲ್ಲಿ ಮೂರು ಸಲ ಹೇಳು. ಮೂರಾದ ಮೇಲೆ ಮಾತಾಡುವವನು ನೀನಲ್ಲ, ಮ್ಯಾನೇಜರ್.

ಆಪ್ತಸಲಹೆಯ ಕೋಣೆಯಲ್ಲಿ ಇದನ್ನು ಆಡಿಯೇ ನೋಡಿದೆವು. ಮೊದಲ ನಾಲ್ಕು ಸಲ ಆತ ಹೇಳುವಾಗ ತಲೆ ಬಗ್ಗುತ್ತಿತ್ತು, ಮಾತಿನ ಕೊನೆಗೆ “ಸಾರಿ” ಸೇರುತ್ತಿತ್ತು. ಹೇಳುವ ಮೊದಲು ಎರಡೂ ಪಾದ ಪೂರ್ತಿ ನೆಲಕ್ಕೂರಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟು, ಆಮೇಲೆ ಬಾಯಿ ತೆರೆಯುವುದನ್ನು ಅಭ್ಯಾಸ ಮಾಡಿಸಿದ ಮೇಲೆ ಸಾರಿ ಬಿಟ್ಟುಹೋಯಿತು.

ಗಾಡಿಯ ವಿಚಾರ ಮೊದಲ ಪೆಗ್‌ನಲ್ಲೇ ಬರಬೇಕು, ಕೊನೆಯ ಪೆಗ್‌ನಲ್ಲಿ ಕೀ ಕಸಿದರೆ ಹೊಡೆದಾಟ. “ಗಾಡಿ ತಂದಿದ್ದೀರಾ? ಕೀ ಕೌಂಟರಲ್ಲಿಡ್ತೇನೆ, ಟೋಕನ್ ಕೊಡ್ತೇನೆ” ಎಂದು ಕೇಳುವಾಗ ಎಲ್ಲರೂ ನಗುತ್ತಲೇ ಕೊಡುತ್ತಾರೆ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಖಾಲಿ ಹೊಟ್ಟೆಯ ಒಂದೇ ಲಾರ್ಜ್ ಅದನ್ನು ದಾಟಿಸಬಹುದು. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾಫಿ, ನಿಂಬೆ ಪಾನಕ, ತಲೆಗೆ ತಣ್ಣೀರು ಯಾವುದೂ ಅಮಲನ್ನು ಇಳಿಸುವುದಿಲ್ಲ. ಇಳಿಸುವುದು ಹೊತ್ತು ಮಾತ್ರ.

ಮೇಜಿನ ಮೇಲೆ ತಲೆಯಿಟ್ಟವನನ್ನು ‘ಮಲಗಲಿ ಬಿಡಿ’ ಎಂದು ಬಿಡುವುದೇ ದೊಡ್ಡ ಅಪಾಯ. ಕರೆದರೂ ಅಲುಗಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು ಬಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್. ಅಂಗಾತ ಮಲಗಿಸಬಾರದು, ಮಗ್ಗುಲಾಗಿಸಬೇಕು, ಇಲ್ಲದಿದ್ದರೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಇನ್ನೊಂದು ವಿಷಯ ಬಾರ್‌ನವರಿಗೆ ಗೊತ್ತಿರಲೇಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಊಟ ಮಾಡದೆ ಕುಡಿದರೆ ಶುಗರ್ ಕುಸಿದು ತೊದಲುತ್ತಾರೆ, ಬೆವರುತ್ತಾರೆ, ಜಗಳಕ್ಕೂ ಬರುತ್ತಾರೆ. ನೋಡಿದರೆ ಕುಡುಕನ ಹಾಗೇ. ಒಂದೇ ಪೆಗ್‌ಗೆ ಹೀಗಾದರೆ ಅನುಮಾನಪಡಬೇಕು. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಸಕ್ಕರೆ ನೀರು ಕೊಟ್ಟು ಆಸ್ಪತ್ರೆಗೆ ಕಳಿಸಬೇಕು.

ಇಷ್ಟೆಲ್ಲ ಕಲಿತರೂ ಪಬ್‌ನ ಮಾಲೀಕರು ಬೆನ್ನಿಗೆ ನಿಲ್ಲದಿದ್ದರೆ ಹುಡುಗ ಮತ್ತೆ ಏಟು ತಿನ್ನುತ್ತಾನೆ. ಸಾರಿ ಹೇಳಿಸಿದ ಆ ರಾತ್ರಿ ಏಟಿಗಿಂತ ಆಳವಾಗಿ ನಾಟಿತ್ತು. ಆದ್ದರಿಂದ ಮಾಲೀಕರ ಮುಂದಿಡಲು ನಾಲ್ಕು ಬೇಡಿಕೆಗಳನ್ನು ಅರ್ಧ ಹಾಳೆಯಲ್ಲಿ ಬರೆಸಿದೆವು. ಬಾರ್‌ಟೆಂಡರ್ ನಿಲ್ಲಿಸಿದ್ದನ್ನು ಆ ರಾತ್ರಿ ಯಾರೂ ತಿರುಗಿಸುವಂತಿಲ್ಲ. ಕೈ ಮಾಡಿದವರಿಗೆ ಅಂದೇ ಬಿಲ್, ಬಾಗಿಲು, ಅಗತ್ಯವಿದ್ದರೆ 112. ಮುಚ್ಚುವುದಕ್ಕೆ 45 ನಿಮಿಷ ಮೊದಲು ಎಲ್ಲ ಟೇಬಲಿಗೂ ಒಟ್ಟಿಗೆ ಲಾಸ್ಟ್ ಆರ್ಡರ್, ಹಾಡು ಸಣ್ಣ, ದೀಪ ದೊಡ್ಡ, ಹಿಂದೆಯೇ ಊಟ. ಶನಿವಾರ ಬಾಗಿಲಲ್ಲಿ ಇನ್ನೊಬ್ಬ. ಮಾಲೀಕರಿಗೆ ದಯೆಯ ಮಾತು ಹೇಳಬೇಡ, ಲೈಸೆನ್ಸಿನ ಮಾತು ಹೇಳು ಎಂದೆವು. 21 ತುಂಬದವರಿಗೆ ಕೊಟ್ಟರೂ, ಒಳಗೆ ಅಮಲಿನ ಗಲಾಟೆಗೆ ಬಿಟ್ಟರೂ ಅಬಕಾರಿಯವರು ಕೇಳುವುದು ಲೈಸೆನ್ಸ್ ಇರುವವರನ್ನೇ.

ಸ್ಕೂಟರ್ ಹುಡುಗನ ಪಾಪಭಾವಕ್ಕೆ ಹಾಳೆಯಲ್ಲಿ ಒಂದು ವೃತ್ತ ಬರೆಸಿದೆವು. ಆಗಿದ್ದಕ್ಕೆ ಯಾರ್‍ಯಾರು ಎಷ್ಟೆಷ್ಟು ಹೊಣೆ ಎಂದು ಹೋಳು ಮಾಡಬೇಕು, ತನ್ನ ಹೋಳು ಕೊನೆಗೆ. ಬಾಯಲ್ಲಿ ಕೇಳಿದಾಗ ‘ತೊಂಬತ್ತು ಪರ್ಸೆಂಟ್ ನಾನೇ’ ಎಂದಿದ್ದ. ಕುಡಿದು ಗಾಡಿ ಹತ್ತಿದವನು, ‘ಒಂದು ಲಾಸ್ಟ್’ ಎಂದು ಒತ್ತಾಯಿಸಿ ತಾವು ಬೇರೆ ಗಾಡಿಯಲ್ಲಿ ಹೋದ ಗೆಳೆಯರು, ಸಾರಿ ಹೇಳಿಸಿ ನಿಲ್ಲಿಸುವ ಧೈರ್ಯವನ್ನೇ ಮುರಿದ ಮ್ಯಾನೇಜರ್ ಇವರಿಗೆಲ್ಲ ಹಂಚಿದ ಮೇಲೆ ಉಳಿದದ್ದು ಒಂದು ಸಣ್ಣ ಹೋಳು. ಅದನ್ನು ಅಳಿಸಲು ಹೋಗಲಿಲ್ಲ. ಅದು ಆತನದ್ದೇ, ಅದಕ್ಕಾಗಿಯೇ ಗೀಟು ಹಾಕುವ ರೂಢಿ.

ಸ್ವಂತ ಕುಡಿತಕ್ಕೆ ಎರಡು ಮಾತು: ಕೆಲಸ ಮಾಡಿದ ಜಾಗದಲ್ಲಿ ಒಂದು ತೊಟ್ಟೂ ಇಲ್ಲ, ಶಟರ್ ಬಿದ್ದ ಕೂಡಲೇ ಊಟ. ದಿನವೂ ಹೆಚ್ಚು ಕುಡಿಯುವವರು ಮಾತ್ರ ಹೀಗೆ ಏಕಾಏಕಿ ಬಿಡಬಾರದು, ಫಿಟ್ಸ್ ಬರಬಹುದು. ಅಂಥವರು ವೈದ್ಯರ ಮೂಲಕವೇ ಬಿಡಬೇಕು. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕುಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಸಿದೆವು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆರು ವಾರದಲ್ಲಿ ಐದು ಸಲ ಬಂದ. ಮಾಲೀಕರು ಲಾಸ್ಟ್ ಆರ್ಡರ್‌ಗೂ ಬಾಗಿಲಿನವನಿಗೂ ಒಪ್ಪಿದ್ದಾರೆ. ಬಾರ್‌ಟೆಂಡರ್ ನಿಲ್ಲಿಸಿದ್ದನ್ನು ತಿರುಗಿಸಬಾರದೆಂಬ ಮಾತಿಗೂ, ಕೈ ಮಾಡಿದವರನ್ನು ಹೊರಗೆ ಹಾಕುವ ಮಾತಿಗೂ ‘ನೋಡುವ’ ಎಂದಿದ್ದಾರೆ. ಮೆಷರ್ ಹಿಡಿದ ಕೈ ಈಗ ಹೆಚ್ಚಿನ ಶನಿವಾರ ನಡುಗುವುದಿಲ್ಲ, ಮೂಲೆಯ ಟೇಬಲಿಗೆ ಮಾತ್ರ ಇನ್ನೂ ಬೇರೆ ಹುಡುಗನನ್ನು ಕಳಿಸುತ್ತಾನೆ. ಮುಂದಿನ ಭೇಟಿ ಮೂರು ವಾರ ಬಿಟ್ಟು, ಆ ಹೊತ್ತಿಗೆ ಲಿವರ್ ಪರೀಕ್ಷೆಯ ವರದಿ ತರಲು ಹೇಳಿದ್ದೇವೆ.