ಬೇಲಿಯೊಳಗಿನ ಊರು

ಪ್ರಶ್ನೆ: ನಾವಿರುವುದು ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ. ಪಕ್ಕದ ಮನೆಯವರಿಗೆ ಅರವತ್ತು ದಾಟಿದೆ, ಅವರಪ್ಪ ವಾಯುಪಡೆಯಲ್ಲಿದ್ದವರು. ನಿಮ್ಮೂರು ಯಾವುದು ಅಂತ ಕೇಳಿದರೆ ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ವಾಯುನೆಲೆಯಾಗಿದ್ದ ಕ್ಲಾರ್ಕ್ ಏರ್ ಬೇಸ್ ಅಂತಾರೆ! ಅಲ್ಲಿದ್ದದ್ದು ಬರೀ ಮೂರು ವರ್ಷ, ಅದೂ ಚಿಕ್ಕ ಹುಡುಗನಾಗಿದ್ದಾಗ. ಊಟಕ್ಕೆ ಕರೆದಾಗಲೆಲ್ಲ ಅದೇ ಮಾತು, ಕೆಲವು ಸಲ ಕಣ್ಣಲ್ಲಿ ನೀರು ಬೇರೆ. ಇದು ಸ್ವಲ್ಪ ಅತಿ ಅಲ್ವಾ?

ಉತ್ತರ: ನನಗೆ ಅತಿ ಅನ್ನಿಸಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಊರು ಬಿಟ್ಟು ಎಷ್ಟೇ ವರ್ಷವಾಗಿರಲಿ, ಊರು ಅಲ್ಲೇ ಇರುತ್ತೆ. ಬಸ್ ಹತ್ತಿದರೆ ಆಯ್ತು. ಯಾರ ಮಗ ನೀನು ಅಂತ ಕೇಳುವವರು ಒಬ್ಬರಾದರೂ ಸಿಗ್ತಾರೆ. ಸೈನಿಕರ ಮಕ್ಕಳಿಗೆ ಆ ಅನುಕೂಲ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಅಪ್ಪನಿಗೆ ವರ್ಗವಾಗುತ್ತೆ, ಗಂಟುಮೂಟೆ ಕಟ್ಟಬೇಕು, ಹೊಸ ಶಾಲೆಯಲ್ಲಿ ಮತ್ತೆ ಹೆಸರು ಹೇಳಿಕೊಳ್ಳಬೇಕು.

ಆದರೆ ಕ್ಲಾರ್ಕ್‌ನಂಥ ಜಾಗದಲ್ಲಿ ಒಂದು ಸುಖ ಇತ್ತು, ಅಲ್ಲಿದ್ದ ಅಷ್ಟೂ ಮಕ್ಕಳು ಹೊಸಬರೇ. ಇವತ್ತು ಬಂದವನಿಗೆ ನಾಳೆಯೇ ಗೆಳೆಯರು ಸಿಗುತ್ತಿದ್ದರು, ಯಾಕೆಂದರೆ ಪರಿಚಯಕ್ಕೆ ಅಂತ ನಿಧಾನ ಮಾಡುತ್ತಾ ಕೂರುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮನಿಲಾದಿಂದ ಉತ್ತರಕ್ಕಿದ್ದ ಆ ನೆಲೆ ಒಂದು ಸಣ್ಣ ಅಮೆರಿಕವೇ ಆಗಿತ್ತು. ಶಾಲೆ, ಆಸ್ಪತ್ರೆ, ಈಜುಕೊಳ, ಸಿನಿಮಾ ಮಂದಿರ, ಡಾಲರಿನಲ್ಲೇ ವ್ಯಾಪಾರ ನಡೆಯುವ ಅಂಗಡಿ, ಎಲ್ಲಾ ಬೇಲಿಯೊಳಗೇ. ಸೇನೆಯದೇ ಟೀವಿ ಇತ್ತು, ಅದರಲ್ಲಿ ಸೋಪು ಪೇಸ್ಟಿನ ಜಾಹೀರಾತಿನ ಜಾಗದಲ್ಲಿ ಸೇನೆಯದೇ ಪ್ರಕಟಣೆಗಳು ಬರುತ್ತಿದ್ದವು. ಕಾಗದಗಳ ವಿಳಾಸದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಅಂತಿರುತ್ತಿತ್ತು, ಮನೆ ಇದ್ದದ್ದು ಮಾತ್ರ ಪೆಸಿಫಿಕ್ ಸಾಗರದ ಆಚೆ ದಡದಲ್ಲಿ.

ಇಂಥ ನೆಲೆಗಳಲ್ಲಿ ಬೆಳೆದ ಯಾರನ್ನೇ ಕೇಳಿ, ಸಂಜೆಯ ಕಹಳೆಯ ವಿಷಯ ಬಂದೇ ಬರುತ್ತೆ. ಧ್ವಜ ಇಳಿಸುವ ಹೊತ್ತಿಗೆ ಧ್ವನಿವರ್ಧಕದಲ್ಲಿ ಕಹಳೆ ಮೊಳಗಿತು ಅಂದರೆ ಓಡುತ್ತಿದ್ದ ಕಾರುಗಳು ನಿಲ್ಲಬೇಕು. ಆಡುತ್ತಿದ್ದ ಮಕ್ಕಳು ಆಟ ಬಿಟ್ಟು, ಸೈಕಲ್‌ನಲ್ಲಿದ್ದವರು ಕೆಳಗಿಳಿದು, ಧ್ವಜ ಇರುವ ದಿಕ್ಕಿಗೆ ತಿರುಗಿ ಸುಮ್ನೆ ನಿಲ್ಲಬೇಕು. ಮುಗಿದ ತಕ್ಷಣ ಮತ್ತೆ ಗಲಾಟೆ ಶುರು. ಇದನ್ನು ದಿನಾ ಮಾಡಿದವನಿಗೆ ಅರವತ್ತರಲ್ಲೂ ಆ ರಾಗ ಕೇಳಿದರೆ ಕಾಲು ತಾನಾಗಿಯೇ ನಿಲ್ಲುತ್ತೆ ಅಂದರೆ ನಾನಂತೂ ನಂಬುತ್ತೇನೆ.

ಇನ್ನು ಕಣ್ಣೀರಿನ ವಿಷಯ. ನಿಮ್ಮ ನೆರೆಯವರ ಊರು ಎರಡು ಸಲ ಕೈತಪ್ಪಿದೆ. ಒಂದು ಸಲ ಅಪ್ಪನಿಗೆ ವರ್ಗವಾದಾಗ. ಇನ್ನೊಂದು ಸಲ 1991ರಲ್ಲಿ. ಆ ವರ್ಷ ಪಕ್ಕದ ಪಿನಾಟುಬೊ ಜ್ವಾಲಾಮುಖಿ ಎದ್ದಿತು. ಜೂನ್ 10ರಂದು ಸುಮಾರು 15 ಸಾವಿರ ಜನ, ಹೆಂಡತಿ ಮಕ್ಕಳು ಸಮೇತ, ಸಾಲುಸಾಲು ಕಾರುಗಳಲ್ಲಿ ಸುಬಿಕ್ ನೌಕಾನೆಲೆಯ ದಾರಿ ಹಿಡಿದರು. ಕೆಲವೇ ದಿನದಲ್ಲಿ ವಾಪಸ್ ಬರುತ್ತೇವೆ ಅಂದುಕೊಂಡು ಹೊರಟವರೇ ಜಾಸ್ತಿ. 15ನೇ ತಾರೀಕು ಬೆಟ್ಟ ಸಿಡಿಯಿತು, ಅದೇ ದಿನ ಚಂಡಮಾರುತವೂ ಬಂತು. ಬೂದಿ ಮಳೆಯಲ್ಲಿ ನೆನೆದು ಭಾರವಾಗಿ ಎಷ್ಟೋ ಕಡೆ ಸೂರುಗಳು ಕುಸಿದವು. ಕುಟುಂಬಗಳನ್ನು ಅಲ್ಲಿಂದಲೇ ಹಡಗು, ವಿಮಾನಗಳಲ್ಲಿ ಅಮೆರಿಕಕ್ಕೆ ಸಾಗಿಸಿದರು. ನವೆಂಬರ್ 26ಕ್ಕೆ ನೆಲೆಯನ್ನು ಫಿಲಿಪ್ಪೀನ್ಸ್‌ಗೆ ಒಪ್ಪಿಸಿದ್ದಾಯ್ತು. ಶಾಲೆಯೂ ಮುಚ್ಚಿತು. ಅಲ್ಲಿನ ವ್ಯಾಗ್ನರ್ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಈಗ ಸೇರುವುದು ಅಮೆರಿಕದ ಯಾವುದೋ ನಗರದ ಹೋಟೆಲ್‌ನಲ್ಲಿ, ಯಾಕೆಂದರೆ ಸೇರೋದಕ್ಕೆ ಶಾಲೆಯೇ ಇಲ್ಲ.

ಪ್ರಶ್ನೆ: ಬೇರೆಯವರ ನೆಲದಲ್ಲಿ ಬೇಲಿ ಹಾಕಿ, ಆಳುಕಾಳು ಇಟ್ಟುಕೊಂಡು ಮೆರೆದವರ ಮಕ್ಕಳ ಹಳೆ ನೆನಪಿಗೆ ನಾವ್ಯಾಕೆ ಕರಗಬೇಕು ಸ್ವಾಮಿ? – ಮೈಸೂರು

ಉತ್ತರ: ಕರಗಲೇಬೇಕು ಅಂತೇನಿಲ್ಲ. ನಿಮ್ಮ ಸಿಟ್ಟಿಗೆ ಕಾರಣ ಇದೆ. 1947ರ ಒಪ್ಪಂದದಲ್ಲಿ ಅಮೆರಿಕ ಆ ನೆಲೆಗಳನ್ನು 99 ವರ್ಷಕ್ಕೆ ಬರೆಸಿಕೊಂಡಿತ್ತು. ಆಗಷ್ಟೇ ಸ್ವಾತಂತ್ರ್ಯ ಕಂಡ ದೇಶ, ಇನ್ನೇನು ತಾನೇ ಹೇಳೀತು? 1966ರಲ್ಲಿ ಅವಧಿಯನ್ನು 25 ವರ್ಷಕ್ಕೆ ಇಳಿಸಿದರು. ಅದು ಮುಗಿಯುವ ಹೊತ್ತಿಗೆ, 1991ರ ಸೆಪ್ಟೆಂಬರ್ 16ರಂದು, ಸುಬಿಕ್ ಉಳಿಸಿಕೊಳ್ಳುವ ಹೊಸ ಒಪ್ಪಂದವನ್ನು ಫಿಲಿಪ್ಪೀನ್ಸ್ ಸೆನೆಟ್ 12–11 ಮತಗಳಲ್ಲಿ ತಳ್ಳಿಹಾಕಿತು. ಒಂದೇ ಮತದ ಅಂತರ! ಆ ದೇಶದೊಳಗೇ ಎರಡು ಮನಸ್ಸಿತ್ತು ಅಂತಾಯ್ತು. ನೆಲೆಯ ಸಂಬಳದಲ್ಲಿ ಬದುಕುತ್ತಿದ್ದ ಮನೆಗಳೂ ಸಾವಿರಾರು ಇದ್ದವು ನೋಡಿ.

ಬೇಲಿಯಾಚೆ ಆಂಜೆಲೆಸ್ ನಗರ. ಅಲ್ಲೂ ಅಮೆರಿಕದ ಸೈನಿಕರಿಗೆ ಹುಟ್ಟಿದ ಮಕ್ಕಳಿದ್ದರು, ತಾಯಂದಿರು ಫಿಲಿಪ್ಪೀನ್ಸ್‌ನವರು. ಎಷ್ಟೋ ಮಕ್ಕಳಿಗೆ ಅಪ್ಪನ ಮುಖವೇ ಗೊತ್ತಿಲ್ಲ. ಏಷ್ಯಾದಲ್ಲಿ ಅಮೆರಿಕನ್ನರಿಗೆ ಹುಟ್ಟಿದ ಮಕ್ಕಳು ಅಮೆರಿಕಕ್ಕೆ ಬರಬಹುದು ಅಂತ 1982ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಕೊರಿಯಾ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್ ಆ ಪಟ್ಟಿಯಲ್ಲಿದ್ದವು. ಅಷ್ಟು ದೊಡ್ಡ ನೆಲೆಗಳನ್ನು ಇಟ್ಟುಕೊಂಡಿದ್ದ ಫಿಲಿಪ್ಪೀನ್ಸ್ ಇರಲಿಲ್ಲ. ಅಪ್ಪಂದಿರು ಅದೇ ಪಡೆಯವರು. ಒಳಗಿನ ಮಗುವಿಗೆ ಈಜುಕೊಳ ಸಿಕ್ಕಿತು, ಹೊರಗಿನ ಮಗುವಿಗೆ ಅಪ್ಪನ ಹೆಸರೂ ಸಿಗಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಹಾಗಂತ ಒಳಗಿನ ಮಗುವಿನ ನೆನಪು ಸುಳ್ಳಾಗೋದಿಲ್ಲ. ಒಂಬತ್ತು ವರ್ಷದ ಹುಡುಗ ಒಪ್ಪಂದಕ್ಕೆ ಸಹಿ ಹಾಕಿದವನಲ್ಲ. ನಾನು ಕೇಳುವುದು ಇಷ್ಟೇ, ದೊಡ್ಡವನಾದ ಮೇಲೆ ಅವನ ನೆನಪಿನಲ್ಲಿ ಜಾಗ ಸ್ವಲ್ಪ ದೊಡ್ಡದಾಗಲಿ. ಮನೆಗೆಲಸದ ಹೆಂಗಸು ಮಾಡಿಕೊಟ್ಟ ಪಾನ್ಸಿತ್ ನೂಡಲ್ಸ್ ನೆನಪಿದ್ದರೆ, ಆಕೆ ಸಂಜೆ ಗೇಟು ದಾಟಿ ಎಲ್ಲಿಗೆ ಹೋಗುತ್ತಿದ್ದಳು ಅಂತಲೂ ಯೋಚಿಸಲಿ.

ಅಂದಹಾಗೆ, ನಮ್ಮ ಬೆಂಗಳೂರಿನ ದಂಡು ಪ್ರದೇಶವೂ 1809ರಿಂದ 1947ರವರೆಗೆ ಪರದೇಶದವರ ಮಿಲಿಟರಿ ನೆಲೆಯೇ ಆಗಿತ್ತು. ಅಲ್ಲಿ ಆಡಿ ಬೆಳೆದು ಇಂಗ್ಲೆಂಡಿಗೆ ಹೋದ ಮಕ್ಕಳೂ ಬೆಂಗಳೂರಿಗಾಗಿ ಹೀಗೇ ಹಲುಬಿದ್ದಾರು.

ಪ್ರಶ್ನೆ: ಮಗ ಸೇನೆಯಲ್ಲಿದ್ದಾನೆ. ಮೊಮ್ಮಗಳಿಗೆ ಆಗಲೇ ನಾಲ್ಕನೇ ಶಾಲೆ. ನಾಳೆ ಅವಳೂ ಊರಿಲ್ಲದವಳು ಆಗ್ತಾಳಾ ಅಂತ ಚಿಂತೆ. – ಮಡಿಕೇರಿ

ಉತ್ತರ: ವರ್ಗವಾಗುವವರ ಮಕ್ಕಳ ಓದು ಕೆಡಬಾರದು ಅಂತಲೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಶುರುವಾದದ್ದು, ಹಾಗಾಗಿ ಪಾಠದ ಚಿಂತೆ ಬಿಡಿ. ಇಂಥ ಮಕ್ಕಳ ಬಗ್ಗೆ ಮೊದಲಿಗೆ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಒಬ್ಬರು. 1950ರ ದಶಕದಲ್ಲಿ ಅವರು ನಮ್ಮ ದೇಶಕ್ಕೇ ಬಂದು, ಇಲ್ಲಿದ್ದ ಅಮೆರಿಕನ್ ಕುಟುಂಬಗಳನ್ನು ನೋಡಿ ಅದನ್ನು ಶುರುಮಾಡಿದ್ದು. ನಿಮ್ಮ ಮೊಮ್ಮಗಳಿಗೆ ಆ ಮಕ್ಕಳಿಗಿಲ್ಲದ ಒಂದು ಗಟ್ಟಿ ಆಸರೆ ಇದೆ, ಐನ್‌ಮನೆ, ಅಂದರೆ ಕೊಡಗಿನ ಕುಟುಂಬದ ಮೂಲಮನೆ. ರಜೆ ಸಿಕ್ಕಾಗ ಪುತ್ತರಿ ಹಬ್ಬಕ್ಕೋ ಕೈಲ್‌ಪೊಳ್ದ್ ಹಬ್ಬಕ್ಕೋ ಕರೆಸಿಕೊಳ್ಳಿ. ಅವಳು ದೂರದ ಯಾವುದೋ ಕ್ವಾರ್ಟರ್ಸ್ ನೆನೆದು ಅತ್ತರೆ ಬೇಜಾರು ಮಾಡ್ಕೋಬೇಡಿ, ಅದೂ ಅವಳ ಊರೇ.

ಪ್ರಶ್ನೆ: ನನ್ನ ಮಗನ ಮಾವ ಅಮೆರಿಕದವರು, ಹುಡುಗನಾಗಿದ್ದಾಗ ಕ್ಲಾರ್ಕ್‌ನಲ್ಲಿದ್ದರು. ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅಲ್ಲಿಗೇ ಕರ್ಕೊಂಡು ಹೋಗೋಣ ಅಂತ ಮಕ್ಕಳ ಯೋಚನೆ. ನೋಡಲು ಏನಾದರೂ ಉಳಿದಿದೆಯಾ? – ಬೆಂಗಳೂರು

ಉತ್ತರ: ಖಂಡಿತ ಹೋಗಲಿ. ನೆಲೆಯ ದೊಡ್ಡ ಭಾಗ ಈಗ ಮುಕ್ತ ವ್ಯಾಪಾರ ವಲಯ, ಹಳೆಯ ರನ್‌ವೇಗಳಿದ್ದ ಕಡೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದೆ. ಪೆರೇಡ್ ಮೈದಾನ ಹಾಗೇ ಇದೆ, ಬೆಳಿಗ್ಗೆ ಸಂಜೆ ಜನ ಓಡೋದಕ್ಕೆ ಬರ್ತಾರೆ. ಅಲ್ಲಿಯವರು ಅಕೇಶಿಯಾ ಅನ್ನುವ ದೊಡ್ಡ ಮರಗಳು ನಮ್ಮ ಕಬ್ಬನ್ ಪಾರ್ಕಿನಲ್ಲಿರುವ ಮಳೆಮರಗಳೇ. ಅಧಿಕಾರಿಗಳ ಹಳೆಯ ಮರದ ಮನೆಗಳಲ್ಲಿ ಕೆಲವು ಉಳಿದಿವೆ. ಪಾಳುಬಿದ್ದ ಆಸ್ಪತ್ರೆಗೆ ದೆವ್ವದ ಖ್ಯಾತಿ ಬಂದಿದೆ, ಅಲ್ಲೇ ಹುಟ್ಟಿದವರು ಅಂಥ ವೀಡಿಯೋಗಳನ್ನು ನೋಡದಿರುವುದೇ ವಾಸಿ.

ಸೈನಿಕರ ಸ್ಮಶಾನ ಮಾತ್ರ ತಪ್ಪಿಸಬೇಡಿ. 1991ರ ಬೂದಿಯಲ್ಲಿ ಸಮಾಧಿಕಲ್ಲುಗಳು ಅರ್ಧ ಹೂತುಹೋದವು, ವರ್ಷಗಟ್ಟಲೆ ಸರ್ಕಾರ ಕೇಳದಿದ್ದಾಗ ಅಲ್ಲೇ ನೆಲೆಸಿದ್ದ ಹಳೆಯ ಸೈನಿಕರು ಕೈಯಿಂದ ಖರ್ಚು ಹಾಕಿ ನೋಡಿಕೊಂಡರು. 2013ರ ಒಪ್ಪಂದದ ನಂತರ ಅಮೆರಿಕ ಸರ್ಕಾರ ಹೊಣೆ ಹೊತ್ತಿತು.

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಜೂನ್‌ನಿಂದ ಅಕ್ಟೋಬರ್ ಮಳೆ, ಚಂಡಮಾರುತ. ಮಂಡಿ ಗಟ್ಟಿಯಿದ್ದರೆ ಪಿನಾಟುಬೊ ಬಾಯಲ್ಲಿ ಆಗಿರುವ ಕೆರೆಗೂ ಹೋಗಬಹುದು, ಜೀಪಿನಲ್ಲಿ ಸ್ವಲ್ಪ ದೂರ, ಆಮೇಲೆ ನಡಿಗೆ. ಒಂದು ದಿನ ಆಂಜೆಲೆಸ್ ಊರೊಳಗೆ ಇರಲಿ, ಹುಡುಗನಾಗಿದ್ದಾಗ ಅವರು ಅದನ್ನು ಹೆಚ್ಚು ನೋಡಿರಲಾರರು. ಹೊರಡುವ ಮುಂಚೆ ಹಳೆಯ ಮನೆ ನಂಬರ್ ಹುಡುಕಿಟ್ಟುಕೊಳ್ಳಲು ಹೇಳಿ. ಮನೆ ಕೆಡವಿರುವ ಸಾಧ್ಯತೆಯೂ ಇದೆ ಅಂತ ಮಗನೇ ಮೊದಲು ತಿಳಿಸಿಬಿಡಲಿ, ಅಲ್ಲಿ ಹೋದ ಮೇಲೆ ಅಲ್ಲ.