ವಿಂಡೋಸ್ 98 ಇರುವ ಹಳೇ ಕಂಪ್ಯೂಟರಿನಲ್ಲಿ ಈಗಲೂ ಇಂಟರ್ನೆಟ್ ನೋಡಬಹುದಾ?

ಅಪ್ಪ ತಂದಿದ್ದ ಪೆಂಟಿಯಮ್ 3 ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದ್ದೀರಿ. ವಿಂಡೋಸ್ 98 ಇನ್ನೂ ತೆರೆಯುತ್ತಿದೆ. ಅದರಲ್ಲಿ ಇಂಟರ್ನೆಟ್ ಬರುತ್ತದಾ, ಅಪಾಯ ಏನಾದರೂ ಇದೆಯಾ ಎಂದು ಕೇಳಿದ್ದೀರಿ. ಬರುತ್ತದೆ. ನನ್ನ ಮನೆಯಲ್ಲೂ ಅಂಥದೇ ಒಂದಿದೆ. ರಜೆಯ ದಿನ ಅದರ ಮುಂದೆ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಎಲ್ಲರೂ ಮೊದಲು ಕೇಬಲ್ ಬಗ್ಗೆ ಚಿಂತೆ ಮಾಡುತ್ತಾರೆ. ಅದು ಸುಲಭ. ಹಳೇ ಸಾಮಾನಿನ ಅಂಗಡಿಯಲ್ಲಿ ರಿಯಲ್‌ಟೆಕ್ 8139 ಚಿಪ್ ಇರುವ ಲ್ಯಾನ್ ಕಾರ್ಡ್ ಹುಡುಕಿ. ಅದಕ್ಕೆ 98ರ ಡ್ರೈವರ್ ಇದೆ. ಡ್ರೈವರ್ ಹಾಕುವಾಗ ವಿಂಡೋಸ್ ತನ್ನ ಸಿಡಿ ಕೇಳುತ್ತದೆ. ಹಾಗಾಗಿ ಸಿಡಿಯಲ್ಲಿರುವ ವಿನ್98 ಫೋಲ್ಡರನ್ನು ಮೊದಲೇ ಸಿ ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ರೂಟರಿಗೆ ಕೇಬಲ್ ಚುಚ್ಚಿದರೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ತಾನಾಗಿಯೇ ಬರುತ್ತದೆ. ಸ್ಟಾರ್ಟ್ ಮೆನುವಿನ ರನ್‌ನಲ್ಲಿ ವಿನ್‌ಐಪಿಸಿಎಫ್‌ಜಿ (winipcfg) ಎಂದು ಬರೆದು ತೆರೆದು ನೋಡಿ. ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ಜೊತೆ ಮಾತು ಕೂಡಿಲ್ಲ ಎಂದರ್ಥ.

ವೈಫೈ ಕಾರ್ಡಿನ ಹಿಂದೆ ಬೀಳಬೇಡಿ. ಈಗಿನ ಮನೆಗಳಲ್ಲಿರುವ ಡಬ್ಲ್ಯುಪಿಎ2 ಭದ್ರತೆ 98ಕ್ಕೆ ಗೊತ್ತಿಲ್ಲ. ರೂಟರ್ ದೂರ ಇದ್ದರೆ ಕ್ಲೈಂಟ್ ಮೋಡ್ (ಮನೆಯ ವೈಫೈ ಹಿಡಿದು ಕೇಬಲಿಗೆ ಕೊಡುವ ಸೌಲಭ್ಯ) ಇರುವ ಪುಟ್ಟ ರೂಟರೊಂದನ್ನು ಕಂಪ್ಯೂಟರ್ ಪಕ್ಕ ಇಟ್ಟು, ಅದರಿಂದ ಕೇಬಲ್ ಎಳೆಯಿರಿ.

ನಿಜವಾದ ಕಷ್ಟ ಬ್ರೌಸರ್ ತೆರೆದಾಗ ಗೊತ್ತಾಗುತ್ತದೆ. ಇಂದಿನ ಹೆಚ್ಚಿನ ಸೈಟುಗಳು ಎಚ್‌ಟಿಟಿಪಿಎಸ್ ಮೇಲೆ, ಅಂದರೆ ಬೀಗ ಹಾಕಿದ ಸಂಪರ್ಕದ ಮೇಲೆ ನಡೆಯುತ್ತವೆ, ಆ ಬೀಗದ ವಿಧಾನವಾದ ಟಿಎಲ್‌ಎಸ್‌ನ ಕಡಿಮೆಯೆಂದರೂ 1.2 ಆವೃತ್ತಿ ಬೇಕು ಅನ್ನುತ್ತವೆ. 98ಕ್ಕೆ ಬಂದ ಕೊನೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಗೊತ್ತಿರುವುದು ಟಿಎಲ್‌ಎಸ್ 1.0 ತನಕ ಮಾತ್ರ. ಕೇಬಲ್ ಸರಿ, ವಿಳಾಸ ಸರಿ, ಆದರೂ ಪುಟ ತೆರೆಯುವುದಿಲ್ಲ. ತುಂಬಾ ಜನ ಇಲ್ಲಿಗೇ ಕೈಬಿಡುತ್ತಾರೆ. ನೀವು ಬಿಡಬೇಡಿ. ಫ್ರಾಗ್‌ಫೈಂಡ್ ಎಂಬ ಹುಡುಕುತಾಣ ಹಳೇ ಬ್ರೌಸರುಗಳಿಗೆಂದೇ ಬೀಗವಿಲ್ಲದ ಎಚ್‌ಟಿಟಿಪಿಯಲ್ಲಿ ಪುಟಗಳನ್ನು ಸರಳ ಮಾಡಿ ಕೊಡುತ್ತದೆ. ಮೊದಲು ಅದನ್ನು ತೆರೆದು ನೋಡಿ. ರೆಟ್ರೊಜಿಲ್ಲಾ ಎಂಬ ಬ್ರೌಸರ್ 98ರಲ್ಲೇ ಟಿಎಲ್‌ಎಸ್ 1.2 ಮಾತಾಡುತ್ತದೆ. ಆದರೆ ಅದನ್ನು ಹಾಕುವ ಮೊದಲು ಕಂಪ್ಯೂಟರಿನ ತಾರೀಖು ನೋಡಿಕೊಳ್ಳಿ. ನನ್ನದರಲ್ಲಿ ಬೋರ್ಡಿನ ಸಿಆರ್2032 ಸೆಲ್ ಸತ್ತು, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಎಲ್ಲ ಸೈಟುಗಳ ಸರ್ಟಿಫಿಕೇಟೂ (ಅವಧಿ ಇರುವ ಗುರುತಿನ ಪತ್ರ) ತಪ್ಪು ಎಂದು ತೋರಿಸುತ್ತಿತ್ತು. ಒಂದು ಸಂಜೆಯೆಲ್ಲ ಅದರಲ್ಲೇ ಕಳೆಯಿತು.

ಇಷ್ಟಾದ ಮೇಲೂ ಕನ್ನಡ ಬರಲಿಲ್ಲ. ಪುಟದ ತುಂಬಾ ಬರೀ ಚೌಕಗಳು. ಯೂನಿಕೋಡ್ ಕನ್ನಡವನ್ನು ಒತ್ತಕ್ಷರ, ಗುಣಿತ ಸಮೇತ ಸರಿಯಾಗಿ ಜೋಡಿಸುವುದು ವಿಂಡೋಸಿಗೆ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆ. 98ರಲ್ಲಿ ಆ ವ್ಯವಸ್ಥೆಯೇ ಇಲ್ಲ.

ಇದಕ್ಕೆ ಸಿಕ್ಕ ದಾರಿ ನನಗೆ ಬಹಳ ಇಷ್ಟ. ಡಬ್ಲ್ಯುಆರ್‌ಪಿ (WRP) ಎಂಬ ಉಚಿತ ಪ್ರಾಕ್ಸಿ, ಅಂದರೆ ನಡುವೆ ನಿಂತು ಪುಟ ತಂದುಕೊಡುವ ತಂತ್ರಾಂಶ ಇದೆ. ಅದನ್ನು ಮನೆಯ ಹೊಸ ಕಂಪ್ಯೂಟರಿನಲ್ಲೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೋ ಓಡಿಸಬೇಕು. ಅದು ಒಳಗೊಂದು ಕ್ರೋಮಿಯಂ ಬ್ರೌಸರ್ ತೆರೆದು ಪುಟವನ್ನು ಪೂರ್ತಿ ಬಿಡಿಸುತ್ತದೆ. ಆಮೇಲೆ ಆ ಪುಟವನ್ನು ಗಿಫ್ ಚಿತ್ರವಾಗಿ ಹಳೇ ಬ್ರೌಸರಿಗೆ ಕಳಿಸುತ್ತದೆ. ಚಿತ್ರದ ಮೇಲೆ ನೀವು ಎಲ್ಲಿ ಕ್ಲಿಕ್ ಮಾಡಿದಿರೋ ಅದನ್ನು ಲೆಕ್ಕ ಹಾಕಿ ಆ ಲಿಂಕ್ ತೆರೆಯುತ್ತದೆ. 98ರಲ್ಲಿ ಮಾಡಬೇಕಾದ್ದು ಇಷ್ಟೇ: ಪೈಯ ಐಪಿ ವಿಳಾಸ ಬರೆದು, ಅದರ ಕೊನೆಗೆ :8080 ಎಂಬ ಪೋರ್ಟ್ ಸಂಖ್ಯೆ ಹಾಕಿ ತೆರೆಯುವುದು. ಪೈಯಲ್ಲಿ ಕನ್ನಡ ಫಾಂಟ್ ಇರಲೇಬೇಕು, ಇಲ್ಲದಿದ್ದರೆ ಚಿತ್ರದಲ್ಲೂ ಚೌಕಗಳೇ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಗುಬ್ಬಿ, ನವಿಲು ಫಾಂಟುಗಳು ಸಿಗುತ್ತವೆ. ಆ ದಪ್ಪ ಸಿಆರ್‌ಟಿ ಮಾನಿಟರಿನ ಮೇಲೆ ಕನ್ನಡ ವಿಕಿಪೀಡಿಯಾ ಒಂದೂ ಒತ್ತು ತಪ್ಪದೆ ಮೂಡಿತಲ್ಲ, ಆಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಅಪಾಯದ ಮಾತು. 98ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2006ರ ಜುಲೈನಲ್ಲೇ ನಿಂತಿದೆ. ರೂಟರಿನ ಹಿಂದೆ ಇರುವ ತನಕ ಹೊರಗಿನವರು ನೇರವಾಗಿ ಒಳಗೆ ಬರಲಾರರು. ಆದ್ದರಿಂದ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಈ ಕಂಪ್ಯೂಟರಿಗೆ ದಾರಿ ಬಿಡುವುದು) ಮಾಡಬೇಡಿ, ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ತೆಗೆದುಬಿಡಿ. ಬ್ಯಾಂಕು, ಇಮೇಲ್, ಯಾವ ಪಾಸ್‌ವರ್ಡೂ ಅದರಲ್ಲಿ ಬೇಡ. ಪ್ರಾಕ್ಸಿಯಿಂದ ಹಳೇ ಕಂಪ್ಯೂಟರ್ ತನಕದ ದಾರಿಗೆ ಬೀಗ ಇರುವುದಿಲ್ಲ, ನೀವು ಟೈಪ್ ಮಾಡಿದ್ದು ಹಾಗೆಹಾಗೇ ಹೋಗುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ. ಕೇಬಲ್ ಸೇರಿದ ದಿನವೇ, ಬ್ರೌಸರ್ ತೆರೆಯುವ ಮುಂಚೆ, ಅಪ್ಪನ ಫೈಲುಗಳನ್ನು ಹೊರಗೆ ತೆಗೆಯಿರಿ. ಆ ಹಾರ್ಡ್ ಡಿಸ್ಕಿಗೆ ಇಪ್ಪತ್ತು ವರ್ಷ ದಾಟಿದೆ, ಯಾವತ್ತು ನಿಲ್ಲುತ್ತದೋ ಹೇಳಲಾಗದು. ಈಗಿನ ವಿಂಡೋಸ್ ಜೊತೆ 98ರ ಫೈಲ್ ಶೇರಿಂಗ್ ಸುಲಭಕ್ಕೆ ಹೊಂದುವುದಿಲ್ಲ. ಪೈಯಲ್ಲಿ ಎಫ್‌ಟಿಪಿ (ಫೈಲು ಕಳಿಸುವ ಹಳೇ ವಿಧಾನ) ಸರ್ವರ್ ಹಾಕಿದರೆ 98ರ ಎಫ್‌ಟಿಪಿ ಕಮಾಂಡಿನಿಂದಲೇ ಎಲ್ಲ ಕಳಿಸಬಹುದು. ಬರಹ, ನುಡಿಯಂಥ ತಂತ್ರಾಂಶದಲ್ಲಿ ಅಪ್ಪ ಪತ್ರ ಬರೆದಿದ್ದರೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಮರೆಯದೆ ಕಾಪಿ ಮಾಡಿ. ಅವು ಯೂನಿಕೋಡ್ ಅಲ್ಲದಿದ್ದರೆ, ಆ ಫಾಂಟ್ ಇಲ್ಲದೆ ಹೊಸ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.