‘ಎನಿಥಿಂಗ್ ಗೋಸ್’ ಸಂಗೀತ ನಾಟಕದ ಹಡಗು 1930ರ ದಶಕದ ಸಮುದ್ರಯಾನಕ್ಕೆ ಎಷ್ಟು ಹತ್ತಿರ?

ವಿಲಾಸದ ವಿಷಯದಲ್ಲಿ ಸಾಕಷ್ಟು ಹತ್ತಿರ. ಅಪಾಯದ ವಿಷಯದಲ್ಲಿ ಉದ್ದೇಶಪೂರ್ವಕವಾಗಿಯೇ ದೂರ.

ಅಟ್ಲಾಂಟಿಕ್ ದಾಟುವ ಪ್ರಯಾಣಿಕರ ಹಡಗಿನಲ್ಲಿ ನಡೆಯುವ, ಕೋಲ್ ಪೋರ್ಟರ್ ಸಂಗೀತ ನೀಡಿದ ಈ ಅಮೆರಿಕನ್ ಹಾಸ್ಯ ನಾಟಕಕ್ಕೆ ಗೈ ಬೋಲ್ಟನ್ ಮತ್ತು ಪಿ. ಜಿ. ವುಡ್‌ಹೌಸ್ ಬರೆದ ಮೊದಲ ಕಥೆಯು ಹಡಗಿನ ಅವಘಡವೊಂದನ್ನು ಹಾಸ್ಯಕ್ಕೆ ಬಳಸಿಕೊಂಡಿತ್ತು. ಆದರೆ 1934ರ ಸೆಪ್ಟೆಂಬರ್ 8ರಂದು ಹವಾನಾದಿಂದ ನ್ಯೂಯಾರ್ಕ್‌ಗೆ ಮರಳುತ್ತಿದ್ದ ‘ಮೊರೊ ಕ್ಯಾಸಲ್’ ಎಂಬ ಪ್ರಯಾಣಿಕರ ಹಡಗು ನ್ಯೂಜೆರ್ಸಿ ಕರಾವಳಿಯ ಬಳಿ ಹೊತ್ತಿ ಉರಿದು 137 ಮಂದಿ ಸತ್ತರು. ಆ ಸುಟ್ಟ ಒಡಲು ಆಸ್ಬರಿ ಪಾರ್ಕ್ ಪಟ್ಟಣದ ದಡಕ್ಕೆ ಬಂದು ನಿಂತು, ಜನ ಅದನ್ನು ನೋಡಲು ಮುಗಿಬೀಳುತ್ತಿದ್ದ ದಿನಗಳಲ್ಲಿ ಅಂಥ ಹಾಸ್ಯವನ್ನು ರಂಗಕ್ಕೆ ತರುವುದು ಅಸಾಧ್ಯವಾಗಿತ್ತು. ಹಾಗಾಗಿ ನಿರ್ದೇಶಕ ಹೊವಾರ್ಡ್ ಲಿಂಡ್ಸೆ ಮತ್ತು ಬರಹಗಾರ ರಸೆಲ್ ಕ್ರೌಸ್ ಕಥೆಯನ್ನು ತರಾತುರಿಯಲ್ಲಿ ಮತ್ತೆ ಬರೆದರು. ನಾಟಕವು ಅದೇ ವರ್ಷದ ನವೆಂಬರ್ 21ರಂದು ನ್ಯೂಯಾರ್ಕ್‌ನ ರಂಗಭೂಮಿ ಕೇಂದ್ರವಾದ ಬ್ರಾಡ್‌ವೇಯಲ್ಲಿ ತೆರೆಕಂಡಿತು. (ಮೊದಲ ಕಥೆ ನಿರ್ಮಾಪಕರಿಗೆ ಹೇಗೂ ಹಿಡಿಸಿರಲಿಲ್ಲ, ದುರಂತವು ಒಳ್ಳೆಯ ನೆಪವಾಯಿತು ಎನ್ನುವವರೂ ಇದ್ದಾರೆ.)

ಉಳಿದ ಚಿತ್ರಣದಲ್ಲಿ ಇತಿಹಾಸವಿದೆ. 1924ರ ಅಮೆರಿಕದ ವಲಸೆ ಕಾಯ್ದೆಯಿಂದ ಅಗ್ಗದ ದರ್ಜೆಯ ವಲಸಿಗರ ಸಂಖ್ಯೆ ಕುಸಿದ ಮೇಲೆ, ಅಟ್ಲಾಂಟಿಕ್ ದಾಟಿಸುವ ಕಂಪನಿಗಳು ಪ್ರವಾಸಿಗರನ್ನೂ ಹೆಸರುವಾಸಿಗಳನ್ನೂ ಹೆಚ್ಚಾಗಿ ನೆಚ್ಚಿಕೊಂಡವು. ಯಾರು ಹಡಗು ಹತ್ತಿದರೆಂದು ವರದಿ ಮಾಡಲೆಂದೇ ನ್ಯೂಯಾರ್ಕ್ ಪತ್ರಿಕೆಗಳು ಪ್ರತ್ಯೇಕ ವರದಿಗಾರರನ್ನು ಇಟ್ಟಿದ್ದವು. ಪ್ರಸಿದ್ಧರಿಲ್ಲದ ಯಾನದಲ್ಲಿ ಕುಖ್ಯಾತ ಪಾತಕಿಯಾದರೂ ಇರಲಿ ಎಂದು ಹಡಗಿಗೆ ಹಡಗೇ ಸಂಭ್ರಮಿಸುವ ನಾಟಕದ ಪ್ರಸಂಗವು, ನನ್ನ ದೃಷ್ಟಿಯಲ್ಲಿ, ಈ ವ್ಯಾಪಾರದ ಬಗೆಗಿನ ಅತ್ಯಂತ ಚುರುಕಾದ ವ್ಯಂಗ್ಯ.